ಕಾಲು ಮೊದಲು, ಕೋವಿ ಆಮೇಲೆ: ಹಳೇ ಚಹರೆಯ ಹೊಸ ಶೂಟರ್ ಆಟಗಳು

(ಬಳ್ಳಾರಿಯಲ್ಲಿ ಕಾಲೇಜು ವಿದ್ಯಾರ್ಥಿಗಳಿಗಾಗಿ ನಡೆದ ಉಪನ್ಯಾಸ ಮತ್ತು ಪ್ರಾತ್ಯಕ್ಷಿಕೆಯ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಹಿಂದೆ ಪರದೆಯ ಮೇಲೆ ಓಡುತ್ತಿರುವ ಆಟ ನೋಡಿ ಮುಂದಿನ ಸಾಲಿನಲ್ಲಿ ಯಾರೋ "ಏನಪ್ಪಾ ಇದು, ನಮ್ಮಪ್ಪನ ಕಾಲದ ಗೇಮ್ ಇದ್ದಂಗೈತಿ" ಅಂದರು. ಅರ್ಧ ಸರಿ. ಇದರ ಹೆಸರು ಡಸ್ಕ್. ಪೂರ್ತಿ ರೂಪದಲ್ಲಿ ಬಂದದ್ದು 2018ರ ಡಿಸೆಂಬರ್ 10ರಂದು. ಅದಕ್ಕೆ ಸರಿಯಾಗಿ 25 ವರ್ಷ ಹಿಂದೆ, 1993ರ ಡಿಸೆಂಬರ್ 10ರಂದು, ಈ ಬಗೆಯ ಶೂಟರ್ ಆಟಗಳಿಗೆ ದಾರಿ ಹಾಕಿದ ಡೂಮ್ ಬಂದಿತ್ತು. ಗೋಡೆಯ ಚಿತ್ರಗಳು ದಪ್ಪ ದಪ್ಪ, ರಾಕ್ಷಸರ ಮುಖ ಮುರುಕು ಮುರುಕು. ಇವೆಲ್ಲ ಬೇಕೆಂದೇ ಮಾಡಿದ್ದು.

ಇಂಥ ಆಟಗಳಿಗೆ ಜಗತ್ತಿನಲ್ಲಿ ಬಿದ್ದಿರುವ ಅಡ್ಡಹೆಸರು ‘ಬೂಮರ್ ಶೂಟರ್’. ಹೊರಗೆ ಎಲ್ಲ ಒಂದೇ ಮನೆಯವರ ಹಾಗೆ ಕಂಡರೂ ಒಳಗಿನ ಎಂಜಿನ್, ಅಂದರೆ ಆಟವನ್ನು ಓಡಿಸುವ ಮೂಲ ತಂತ್ರಾಂಶ, ಬೇರೆ ಬೇರೆ. 2019ರ ಅಯಾನ್ ಫ್ಯೂರಿ ನಿಜವಾಗಿಯೂ ಹಳೇ ಬಿಲ್ಡ್ ಎಂಜಿನ್ ಮೇಲೇ ಓಡುತ್ತದೆ. 1996ರ ಡ್ಯೂಕ್ ನ್ಯೂಕೆಮ್ 3ಡಿಗೆ ಬಳಸಿದ ಎಂಜಿನ್ ಅದು. ಡಸ್ಕ್, ಪ್ರೋಡಿಯಸ್, ಕಲ್ಟಿಕ್ ಯೂನಿಟಿಯಲ್ಲಿ ಕಟ್ಟಿದವು. ಏಮಿಡ್ ಈವಿಲ್ ಅನ್‌ರಿಯಲ್ 4ರಲ್ಲಿ. ಹ್ರಾಟ್ ಅಂತೊಂದು ಆಟವಿದೆ, 1986ರ ಚೆಕೊಸ್ಲೊವಾಕಿಯಾದಲ್ಲಿ ನಡೆಯುವ ಕಥೆ; ಒಬ್ಬನೇ ಮನುಷ್ಯ ಪ್ಯಾಸ್ಕಲ್ ಭಾಷೆಯಲ್ಲಿ ಎಂಜಿನ್ ಸಮೇತ ಬರೆದ. ಸೆಲಾಕೊ, ಹೆಡಾನ್ ಇವು ಡೂಮ್ ಎಂಜಿನ್ನಿನ ವಂಶದ ಜಿಝಡ್‌ಡೂಮ್ ಮೇಲೆ ನಿಂತಿವೆ. ಇದನ್ನು ಯಾಕೆ ಹೇಳಿದೆವೆಂದರೆ, ಪಿಕ್ಸೆಲ್ ದಪ್ಪ ಕಂಡ ಮಾತ್ರಕ್ಕೆ ಆಟ ಹಗುರ ಅಂತ ತಿಳಿಯಬೇಡಿ. ಆ ಮಾತಿಗೆ ಆಮೇಲೆ ಬರೋಣ.

ಇಲ್ಲಿ ಕೂತವರಲ್ಲಿ ಬಹುಪಾಲು ಕೈಗಳು ಪಳಗಿರುವುದು ಫೋನಿನ ಬ್ಯಾಟಲ್ ರಾಯಲ್ ಆಟಗಳಲ್ಲಿ. ಅಲ್ಲಿ ಗೋಡೆಯ ಮರೆ ಹಿಡಿ, ಬಗ್ಗು, ಸ್ಕೋಪ್ ತೆರೆ, ನಾಲ್ಕು ಗುಂಡು ಹೊಡೆದು ರೀಲೋಡ್ ಮಾಡು. ಈ ನಾಲ್ಕೂ ಚಾಳಿ ಇಲ್ಲಿ ನಿಮ್ಮನ್ನು ಕೊಲ್ಲುತ್ತವೆ. ಡೂಮ್ ಸಂಪ್ರದಾಯದ ಆಟದಲ್ಲಿ ರೀಲೋಡ್ ಬಹುತೇಕ ಇಲ್ಲ (ಅಯಾನ್ ಫ್ಯೂರಿಯಂಥ ಅಪವಾದಗಳಿವೆ), ಸ್ಕೋಪ್ ಅಪರೂಪ, ಸುಮ್ಮನೆ ಕೂತರೆ ಆರೋಗ್ಯ ತಾನಾಗಿ ಏರುವುದಿಲ್ಲ. ಮರೆಯಲ್ಲಿ ಕೂತವನ ಹತ್ತಿರಕ್ಕೆ ರಾಕ್ಷಸರೇ ನಡೆದು ಬರುತ್ತಾರೆ.

ಇದಕ್ಕೆ ಹತ್ತಿರದ ಆಟ ಹುಡುಕಿದರೆ ಕಬಡ್ಡಿ. ರೈಡರ್ ಹೇಗೆ ಆಡುತ್ತಾನೆ ನೆನಪು ಮಾಡಿಕೊಳ್ಳಿ. ಮುಖ ಯಾವಾಗಲೂ ಎದುರಾಳಿಗಳ ಕಡೆ, ಕಾಲು ಅಡ್ಡಡ್ಡ. ನೇರ ಮುಂದೆ ಓಡುವುದಿಲ್ಲ, ಬೆನ್ನು ತೋರಿಸುವುದಿಲ್ಲ, ಒಂದು ಕ್ಷಣ ನಿಂತರೆ ಕಾಲಿಗೆ ಕೈ ಬಿತ್ತು. ಇಲ್ಲೂ ಅಷ್ಟೇ. ಎಡಗೈಯ ಎ ಮತ್ತು ಡಿ ಕೀಗಳು ಅಡ್ಡ ನಡಿಗೆ, ಬಲಗೈಯ ಮೌಸ್ ನಿಮ್ಮ ಮುಖ. ಡಿ ಒತ್ತಿ ಬಲಕ್ಕೆ ಸರಿಯುವಾಗ ವೈರಿ ಪರದೆಯ ಎಡಕ್ಕೆ ಜಾರುತ್ತಾನೆ, ಆದ್ದರಿಂದ ಮೌಸನ್ನು ಎಡಕ್ಕೆ ತಿರುಗಿಸಬೇಕು. ಕಾಲು ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಇದಕ್ಕೆ ಸರ್ಕಲ್ ಸ್ಟ್ರೇಫ್ ಅನ್ನುತ್ತಾರೆ. ಹೊಸಬರು ಎರಡನ್ನೂ ಒಂದೇ ಕಡೆ ಮಾಡುತ್ತಾರೆ, ವೈರಿ ಪರದೆಯಿಂದಲೇ ಹೊರಟುಹೋಗುತ್ತಾನೆ.

ಒಂದು ಬೆಂಕಿ ಉಂಡೆಯ ಲೆಕ್ಕ

ಅಡ್ಡ ಓಟ ಯಾಕೆ ಕೆಲಸ ಮಾಡುತ್ತದೆ ಅನ್ನುವುದನ್ನು ಮೂಲ ಡೂಮ್‌ನ ಲೆಕ್ಕದಲ್ಲೇ ತೋರಿಸಬಹುದು. ಅದು ಸೆಕೆಂಡಿಗೆ 35 ಬಾರಿ ಲೆಕ್ಕ ಹಾಕುತ್ತದೆ. ಒಂದೊಂದಕ್ಕೂ ಟಿಕ್ ಅಂತ ಹೆಸರು. ಇಂಪ್ ಎಂಬ ಕಂದು ರಾಕ್ಷಸ ಎಸೆಯುವ ಬೆಂಕಿ ಉಂಡೆ ಟಿಕ್‌ಗೆ 10 ಯೂನಿಟ್ (ಆಟದೊಳಗಿನ ದೂರದ ಅಳತೆ), ಅಂದರೆ ಸೆಕೆಂಡಿಗೆ 350 ಯೂನಿಟ್ ಹೋಗುತ್ತದೆ. ನೀವು ನೇರ ಓಡಿದರೆ ಟಿಕ್‌ಗೆ ಸುಮಾರು 16.7, ಸೆಕೆಂಡಿಗೆ 580ಕ್ಕೂ ಹೆಚ್ಚು. ಹೌದು, ಅವನ ಬೆಂಕಿಗಿಂತ ನಿಮ್ಮ ಕಾಲು ಜೋರು! ನಿಮ್ಮ ಮೈ ಅಗಲ 32 ಯೂನಿಟ್. 350 ಯೂನಿಟ್ ದೂರದಿಂದ ಎಸೆದರೆ ಉಂಡೆ ಮುಟ್ಟಲು ಒಂದು ಸೆಕೆಂಡು ಬೇಕು. ಅಷ್ಟರಲ್ಲಿ ಒಂದು ಮೈ ಅಗಲ ಸರಿದರೆ ಸಾಕು. ಅದೇ 60 ಯೂನಿಟ್ ದೂರದಲ್ಲಿ ನಿಂತರೆ ಸಿಗುವುದು ಸೆಕೆಂಡಿನ ಆರನೇ ಒಂದು ಪಾಲು. ಅಷ್ಟು ಹೊತ್ತಿನಲ್ಲಿ ಕಣ್ಣು ನೋಡಿ ಕೈಗೆ ಹೇಳುವುದೇ ಕಷ್ಟ. ಇನ್ನೊಂದು ಮಾತು: ಡೂಮ್‌ನ ರಾಕ್ಷಸರು ಎಸೆಯುವುದು ನೀವು ಈಗ ಇರುವ ಜಾಗಕ್ಕೆ, ಹೋಗಲಿರುವ ಜಾಗಕ್ಕಲ್ಲ. ಸರಿಯುತ್ತಲೇ ಇದ್ದರೆ ಉಂಡೆ ಬೆನ್ನ ಹಿಂದೆ ಹಾದುಹೋಗುತ್ತದೆ.

ಮುಂದಕ್ಕೂ ಅಡ್ಡಕ್ಕೂ ಒಟ್ಟಿಗೆ ಒತ್ತಿದರೆ ವೇಗ ಇನ್ನೂ ಏರುತ್ತದೆ. ಮುಂದಿನ ಓಟದ ಬಲ 50, ಅಡ್ಡ ಓಟದ್ದು 40. ಎರಡರ ವರ್ಗಗಳನ್ನು ಕೂಡಿ ಮೂಲ ತೆಗೆದರೆ 64. ಹೈಸ್ಕೂಲಿನ ಪೈಥಾಗೊರಸ್ ಸಾಕು. ಶೇಕಡಾ 28ರಷ್ಟು ಹೆಚ್ಚಿನ ವೇಗ, ಪುಕ್ಕಟೆ.

ಆದರೆ ಎಲ್ಲ ವೈರಿಗಳೂ ಉಂಡೆ ಎಸೆಯುವುದಿಲ್ಲ. ಬಂದೂಕು ಹಿಡಿದ ಸೈನಿಕರ ಗುಂಡಿಗೆ ಪ್ರಯಾಣದ ಹೊತ್ತೇ ಇಲ್ಲ, ಹಾರಿಸಿದ ಕ್ಷಣವೇ ತಾಗಿತೋ ಇಲ್ಲವೋ ತೀರ್ಮಾನ. ಇದನ್ನು ಹಿಟ್‌ಸ್ಕ್ಯಾನ್ ಅನ್ನುತ್ತಾರೆ. ಇವರ ಮುಂದೆ ಕುಣಿದು ಪ್ರಯೋಜನ ಕಡಿಮೆ. ಕೋಣೆಗೆ ಕಾಲಿಟ್ಟ ತಕ್ಷಣ ಮೊದಲು ಹುಡುಕಿ ಕೊಲ್ಲಬೇಕಾದವರು ಇವರೇ, ಆಗದಿದ್ದರೆ ಕಂಬದ ಹಿಂದೆ ಸರಿದು ದೃಷ್ಟಿ ಕಡಿಯಬೇಕು. ದೊಡ್ಡ ಕೊಂಬಿನ ರಾಕ್ಷಸನಿಗೆ ಹೆದರಿ ಅವನ ಮೇಲೆ ಗುಂಡು ಸುರಿಯುತ್ತ ಮೂಲೆಯಲ್ಲಿನ ಬಡಪಾಯಿ ಸೈನಿಕನನ್ನು ಬಿಡುವುದು ಹೊಸಬರ ಸಾವಿನ ಮಾಮೂಲಿ ಕಾರಣ.

ವೃತ್ತಾಕಾರದ ಓಟಕ್ಕೂ ಒಂದು ಮಿತಿಯಿದೆ. ಬಯಲಿನಲ್ಲಿ ಒಬ್ಬ ದೊಡ್ಡ ವೈರಿ ಇದ್ದರೆ ಅದು ಸರಿ. ಗುಂಪಿದ್ದರೆ ಸುತ್ತುವಾಗ ಇನ್ನೊಬ್ಬನ ಮಡಿಲಿಗೇ ಹೋಗಿ ಬೀಳುತ್ತೀರಿ. ಗುಂಪನ್ನು ಕುರಿ ಹಿಂಡಿನಂತೆ ಒಂದೇ ಕಡೆ ಕೂಡಿಹಾಕಬೇಕು: ಹೊರ ಅಂಚಿನಲ್ಲಿ ದೊಡ್ಡ ಸುತ್ತು ಹಾಕಿ, ಎಲ್ಲರೂ ಹಿಂದೆ ಬೀಳುವ ಹಾಗೆ ಮಾಡಿ, ಆಮೇಲೆ ತಿರುಗಿ ರಾಕೆಟ್. ಅವರವರಲ್ಲೇ ಜಗಳ ಹಚ್ಚುವುದೂ ಒಂದು ಕಲೆ. ಡೂಮ್, ಕ್ವೇಕ್, ಡಸ್ಕ್ ಮೂರರಲ್ಲೂ ಒಬ್ಬನ ಏಟು ಬೇರೆ ಜಾತಿಯ ರಾಕ್ಷಸನಿಗೆ ತಾಗಿದರೆ ಅವನು ನಿಮ್ಮನ್ನು ಬಿಟ್ಟು ಹೊಡೆದವನ ಮೇಲೆ ಬೀಳುತ್ತಾನೆ. ಡೂಮ್‌ನ ಬ್ಯಾರನ್ ಎಂಬ ರಾಕ್ಷಸನಿಗೆ 1000 ಜೀವಾಂಶ, ಕ್ಯಾಕೋಡೀಮನ್ ಎಂಬವನಿಗೆ 400. ಇಬ್ಬರ ನಡುವಿನ ಗೆರೆಯಲ್ಲಿ ಓಡಾಡಿ ಕಿಚ್ಚು ಹಚ್ಚಿದರೆ ನಿಮ್ಮ ಮದ್ದುಗುಂಡು ಉಳಿಯಿತು.

ಮದ್ದುಗುಂಡಿನ ಲೆಕ್ಕ ಬಂದದ್ದರಿಂದ ಶಾಟ್‌ಗನ್ ನೋಡೋಣ. ಡೂಮ್‌ನ ಸಾಮಾನ್ಯ ಶಾಟ್‌ಗನ್‌ನಿಂದ ಒಮ್ಮೆಗೆ 7 ಚರೆ, ಒಂದೊಂದಕ್ಕೆ 5, 10 ಅಥವಾ 15 ಏಟು. ಸರಾಸರಿ 70. ಇಂಪ್‌ಗೆ ಇರುವುದು 60 ಜೀವಾಂಶ, ಹತ್ತಿರದಿಂದ ಒಂದೇ ಹೊಡೆತಕ್ಕೆ ಸಾಕಷ್ಟು ಸಲ ಬೀಳುತ್ತಾನೆ. ಡೂಮ್ 2ರ ಜೋಡಿ ನಳಿಕೆಯ ಸೂಪರ್ ಶಾಟ್‌ಗನ್ 2 ತೋಟಾ ತಿಂದು 20 ಚರೆ ಉಗುಳುತ್ತದೆ, ಸರಾಸರಿ 200. ಎರಡು ತೋಟಾಕ್ಕೆ 140 ಎಲ್ಲಿ, 200 ಎಲ್ಲಿ! ಆದರೆ ಚರೆ ಅಗಲಕ್ಕೆ ಹರಡುವುದರಿಂದ ದೂರದಲ್ಲಿ ಅರ್ಧ ಗೋಡೆಗೆ ಹೋಗುತ್ತದೆ. 150 ಜೀವಾಂಶದ ಪಿಂಕಿ ಎಂಬ ರಾಕ್ಷಸ ಮೂಗಿನ ಹತ್ತಿರ ಬರುವವರೆಗೆ ಬಿಟ್ಟು ಹೊಡೆಯುವುದು ಇದಕ್ಕೇ. ತೋಟಾದ ಮಿತಿ 50, ರಾಕೆಟ್ 50, ಬೆನ್ನಚೀಲ ಸಿಕ್ಕರೆ ದುಪ್ಪಟ್ಟು. ಮಿತಿ ತುಂಬಿದಾಗ ನೆಲದಲ್ಲಿ ಬಿದ್ದ ತೋಟಾ ಅಲ್ಲೇ ಉಳಿಯುತ್ತದೆ, ಅದರ ಜಾಗ ನೆನಪಿಟ್ಟು ಮುಂದೆ ಹೋಗಿ. ಕಂಜೂಸಿತನ ಮಾತ್ರ ಬೇಡ. ಎಲ್ಲ ಅಸ್ತ್ರವನ್ನೂ ಸರದಿಯಲ್ಲಿ ಬಳಸಲಿ ಅಂತಲೇ ಮಿತಿ ಇಟ್ಟಿರುವುದು.

ಅಸ್ತ್ರ ಬದಲಿಸಲು ಮೌಸಿನ ಚಕ್ರ ತಿರುಗಿಸುವವರು ಈ ಆಟಗಳಲ್ಲಿ ಬಹಳ ದಿನ ಬಾಳುವುದಿಲ್ಲ. ಏಳೆಂಟು ಅಸ್ತ್ರದಲ್ಲಿ ಬೇಕಾದ್ದು ಬರುವಷ್ಟರಲ್ಲಿ ನಾಲ್ಕು ದಾಟಿರುತ್ತೀರಿ. ಪ್ರತಿಯೊಂದಕ್ಕೂ ಒಂದು ಅಂಕಿ ಇದೆ, ಅದನ್ನೇ ಒತ್ತಿ. ಹೆಚ್ಚು ಬಳಸುವ ಎರಡನ್ನು ಕ್ಯೂ ಕೀಗೂ ಮೌಸಿನ ಪಕ್ಕದ ಗುಂಡಿಗೂ ಹಾಕಿಕೊಳ್ಳಿ. ರಾಕೆಟ್‌ಗೆ ಪಕ್ಕದ ಗುಂಡಿ ಬೇಡ. ಗಾಬರಿಯಲ್ಲಿ ಒತ್ತಿ, ಗೋಡೆ ಪಕ್ಕದಲ್ಲೇ ಸಿಡಿಸಿಕೊಂಡು, ನಿಮ್ಮ ಹೊಡೆತಕ್ಕೆ ನೀವೇ ಹೋಗುತ್ತೀರಿ.

ಕುಪ್ಪಳಿಸುತ್ತ ವೇಗ ಕೂಡಿಸುವ ವಿದ್ಯೆ, ಬನ್ನಿಹಾಪ್, 1996ರ ಕ್ವೇಕ್‌ನಿಂದ ಬಂದದ್ದು. ನೆಲದ ಮೇಲೆ ಕಾಲಿಗೆ ಘರ್ಷಣೆ ಇದೆ, ಗಾಳಿಯಲ್ಲಿ ಇಲ್ಲ. ಕ್ವೇಕ್‌ನಲ್ಲಿ ನೆಲದ ಓಟದ ಮಿತಿ ಸೆಕೆಂಡಿಗೆ 320 ಯೂನಿಟ್. ಆದರೆ ಗಾಳಿಯಲ್ಲಿ ಎಂಜಿನ್ ಒಟ್ಟು ವೇಗವನ್ನು ತಡೆಯುವುದಿಲ್ಲ. ನೀವು ಒತ್ತಿದ ದಿಕ್ಕಿನ ಕಡೆಗೆ ಆಗಲೇ ಎಷ್ಟು ವೇಗವಿದೆ ಅನ್ನುವುದನ್ನಷ್ಟೇ 30ಕ್ಕೆ ಹೋಲಿಸುತ್ತದೆ. ಸಾಗುವ ದಿಕ್ಕಿಗೆ ಅಡ್ಡವಾಗಿ ಒತ್ತಿದರೆ ಆ ಕಡೆ ಇರುವ ವೇಗ ಹೆಚ್ಚುಕಡಿಮೆ ಸೊನ್ನೆ, ಹಾಗಾಗಿ ಪ್ರತಿ ಕ್ಷಣ ಸ್ವಲ್ಪ ಸ್ವಲ್ಪ ಕೂಡುತ್ತಲೇ ಇರುತ್ತದೆ. ಮಾಡುವ ಬಗೆ ಹೀಗೆ: ಓಡಿ ಜಿಗಿಯಿರಿ, ಜಿಗಿದ ಕೂಡಲೇ ಮುಂದಿನ ಕೀ ಬಿಡಿ, ಎ ಒತ್ತಿ ಮೌಸನ್ನು ನಿಧಾನ ಎಡಕ್ಕೆ ಬಾಗಿಸಿ, ನೆಲ ಮುಟ್ಟುತ್ತಿದ್ದಂತೆ ಮತ್ತೆ ಜಿಗಿದು ಈಗ ಡಿ ಮತ್ತು ಬಲಕ್ಕೆ. ಇಲ್ಲಿ ಕೀ ಮತ್ತು ಮೌಸ್ ಒಂದೇ ಕಡೆ ಅನ್ನುವುದು ಗಮನಿಸಿ, ಸುತ್ತು ಓಟಕ್ಕೆ ಇದು ತದ್ವಿರುದ್ಧ. ಕೈ ಕೊಡುವುದು ಎರಡು ಕಡೆ: ಮುಂದಿನ ಕೀ ಬಿಡದೇ ಇರುವುದು, ಮೌಸನ್ನು ಜಗ್ಗಿ ಎಳೆಯುವುದು. ಡಸ್ಕ್ ಈ ಕುಪ್ಪಳಿಕೆಗೆ ಧಾರಾಳವಾಗಿ ಜಾಗ ಕೊಡುತ್ತದೆ. ಅಲ್ಟ್ರಾಕಿಲ್‌ನ ದಾರಿ ಬೇರೆ: ಅಲ್ಲಿ ಮೂರು ತುಂಡಿನ ಸ್ಟ್ಯಾಮಿನಾ ಖರ್ಚು ಮಾಡಿ ಮಿಂಚಿನಂತೆ ಸರಿಯಬೇಕು, ವೈರಿಗೆ ಹತ್ತಿರದಲ್ಲಿ ಹೊಡೆದರೆ ಚಿಮ್ಮುವ ರಕ್ತವೇ ನಿಮ್ಮ ಆರೋಗ್ಯ. ದೂರ ನಿಲ್ಲುವವನಿಗೆ ಅದರಲ್ಲಿ ಔಷಧಿಯೇ ಇಲ್ಲ.

ಇನ್ನು ಜಾಗ ಓದುವ ವಿದ್ಯೆ. ಬಳ್ಳಾರಿಯವರಿಗೆ ಇದನ್ನು ಹೇಳಿಕೊಡುವುದು ಸುಲಭ. ಕೆಳಗೊಂದು ಕೋಟೆ, ಗುಡ್ಡದ ಮೇಲೊಂದು ಕೋಟೆ, ನಡುವೆ ಬಂಡೆಗಳ ಸಂದಿನ ದಾರಿ. ಹೈದರಾಲಿಯ ಕಾಲದಲ್ಲಿ ಕೋಟೆ ಕಟ್ಟಿಸಿದ ಫ್ರೆಂಚ್ ಎಂಜಿನಿಯರ್‌ನನ್ನು, ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಅಂತ ಆಮೇಲೆ ಗೊತ್ತಾಗಿ, ನೇಣಿಗೇರಿಸಿದರು ಅನ್ನುವ ಕಥೆ ಊರಲ್ಲಿ ಎಲ್ಲರಿಗೂ ಗೊತ್ತು. ಕಥೆ ನಿಜವೋ ಸುಳ್ಳೋ, ಅದರೊಳಗಿನ ಪಾಠ ಈ ಆಟಗಳಿಗೆ ಸರಿಯಾಗಿ ಕೂರುತ್ತದೆ. ಹೊಸ ಅಂಗಳಕ್ಕೆ ಕಾಲಿಟ್ಟಾಗ ಮೊದಲು ಮೇಲೆ ನೋಡಿ. ನಿಮ್ಮನ್ನು ಕಾಣುವ ಎತ್ತರದ ಕಟ್ಟೆ ಯಾವುದು? ಅಲ್ಲಿರುವವನು ಇಡೀ ಕಾಳಗ ಮುಗಿಯುವವರೆಗೆ ತಲೆ ಮೇಲೆ ಉಂಡೆ ಎಸೆಯುತ್ತಿರುತ್ತಾನೆ. ಮೊದಲು ಅವನು, ಆಮೇಲೆ ನೆಲದವರು.

ಸದ್ದೂ ಜಾಗದ ಭಾಗವೇ. ಡೂಮ್‌ನಲ್ಲಿ ನೀವು ಹಾರಿಸಿದ ಗುಂಡಿನ ಸದ್ದು ದೂರ ನೋಡಿ ಹೋಗುವುದಿಲ್ಲ, ತೆರೆದ ಬಾಗಿಲು ಕಿಟಕಿ ಹಿಡಿದು ನೀರು ಹರಿದಂತೆ ಹರಿಯುತ್ತದೆ. ಬಾಗಿಲಲ್ಲಿ ನಿಂತು ಒಂದು ಗುಂಡು ಹಾರಿಸಿ ಹಿಂದೆ ಸರಿದರೆ ಒಳಗಿದ್ದವರು ಒಬ್ಬೊಬ್ಬರೇ ಬಾಗಿಲ ಬಾಯಿಗೆ ಬರುತ್ತಾರೆ. ಕಿವುಡರಂತೆ ಹೊಂಚು ಹಾಕಿ ನಿಲ್ಲಿಸಿದ ಕೆಲವರು ಮಾತ್ರ ಕದಲುವುದಿಲ್ಲ, ಮೂಲೆ ನೋಡದೆ ಒಳನುಗ್ಗಬೇಡಿ. ಸಂಗೀತದ ದನಿಯನ್ನು ಅರ್ಧಕ್ಕಿಂತ ಸ್ವಲ್ಪ ಮೇಲಿಟ್ಟು, ಪರಿಣಾಮದ ಸದ್ದನ್ನು ಪೂರ್ತಿ ಇಡಿ. ಬೆನ್ನ ಹಿಂದೆ ಬಾಗಿಲು ತೆರೆದದ್ದು ಕಿವಿಗೆ ಮೊದಲು ತಿಳಿಯಬೇಕು.

ಯಂತ್ರ, ಬಿಸಿಲು, ಕೆಂಪು ಧೂಳು

ಮೌಸ್‌ನಿಂದ ಶುರು ಮಾಡೋಣ, ಯಾಕೆಂದರೆ ಲ್ಯಾಪ್‌ಟಾಪಿನ ಟಚ್‌ಪ್ಯಾಡ್‌ನಲ್ಲಿ ಇದು ಆಗದ ಕೆಲಸ. ಕೀ ಒತ್ತಿರುವಾಗ ಅಂಗೈ ತಾಗಿದ್ದೆಂದು ತಿಳಿದು ಎಷ್ಟೋ ಟಚ್‌ಪ್ಯಾಡ್‌ಗಳು ತಾವೇ ಸುಮ್ಮನಾಗುತ್ತವೆ. ದುಬಾರಿ ಮೌಸ್ ಬೇಕಿಲ್ಲ. 800 ಡಿಪಿಐ (ಮೌಸಿನ ಸೂಕ್ಷ್ಮತೆಯ ಅಳತೆ) ಇರುವ ವೈರಿನ ಮೌಸ್ ಸಾಕು. ವಿಂಡೋಸ್ ಸೆಟ್ಟಿಂಗ್‌ನಲ್ಲಿ ‘ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಷನ್’ ಗುರುತು ತೆಗೆಯಿರಿ, ಆಟದಲ್ಲಿ ರಾ ಇನ್‌ಪುಟ್ (ಮೌಸಿನ ಚಲನೆಯನ್ನು ಇದ್ದ ಹಾಗೇ ತೆಗೆದುಕೊಳ್ಳುವ ಆಯ್ಕೆ) ಹಾಕಿ. ಆ ಗುರುತು ಇದ್ದರೆ ಅದೇ ಅಂತರ ಕೈ ಆಡಿಸಿದರೂ ವೇಗಕ್ಕೆ ತಕ್ಕಂತೆ ತಿರುಗುವ ಕೋನ ಬದಲಾಗುತ್ತದೆ, ಕೈಗೆ ಎಂದೂ ಅಭ್ಯಾಸ ಕೂರುವುದಿಲ್ಲ. ಈಗ ಅಳತೆ: ಗೋಡೆಯ ಒಂದು ಗುರುತಿಗೆ ಕ್ರಾಸ್‌ಹೇರ್ (ಪರದೆಯ ನಡುವಿನ ಗುರಿ ಚಿಹ್ನೆ) ಇಟ್ಟು, ಮೇಜಿನ ಮೇಲೆ ಸ್ಕೇಲ್ ಇಟ್ಟು, ಪೂರ್ತಿ ಒಂದು ಸುತ್ತು ತಿರುಗಿ ಅದೇ ಗುರುತಿಗೆ ಬರಲು ಮೌಸ್ ಎಷ್ಟು ಸೆಂಟಿಮೀಟರ್ ಸರಿಯಿತು ನೋಡಿ. 25ರಿಂದ 35ರೊಳಗೆ ಬರುವಂತೆ ಸೆನ್ಸಿಟಿವಿಟಿ ಇಡಿ. ಬೆನ್ನ ಹಿಂದೆ ತಿರುಗಲು ಒಂದೇ ಎಳೆತ ಸಾಕಾಗಬೇಕು. ಅದಕ್ಕೆ 40 ಸೆಂಟಿಮೀಟರ್ ಅಗಲದ ಪ್ಯಾಡ್ ಬೇಕು, ಇಲ್ಲದಿದ್ದರೆ ಹಳೇ ಕ್ಯಾಲೆಂಡರಿನ ದಪ್ಪ ರಟ್ಟೂ ನಡೆಯುತ್ತದೆ.

ಅಗ್ಗದ ಕೀಬೋರ್ಡಿನ ಒಂದು ಮೋಸ ಗೊತ್ತಿರಲಿ. ಒಳಗೆ ಕೀಗಳನ್ನು ಅಡ್ಡ–ಉದ್ದ ಗೆರೆಗಳ ಜಾಲದಲ್ಲಿ ಜೋಡಿಸಿರುತ್ತಾರೆ. ಕೆಲವು ಮೂರು ಕೀ ಒಟ್ಟಿಗೆ ಒತ್ತಿದರೆ ಮೂರನೆಯದು ಲೆಕ್ಕಕ್ಕೇ ಬರುವುದಿಲ್ಲ. ನೋಟ್‌ಪ್ಯಾಡ್ ತೆರೆದು ಡಬ್ಲ್ಯೂ, ಎ ಎರಡನ್ನೂ ಹಿಡಿದು ಸ್ಪೇಸ್ ಒತ್ತಿ. ಜಾಗ ಬೀಳದಿದ್ದರೆ ಜಿಗಿತವನ್ನು ಮೌಸಿನ ಬಲ ಗುಂಡಿಗೆ ವರ್ಗಾಯಿಸಿ.

ಚಿತ್ರದ ಸೆಟ್ಟಿಂಗ್‌ಗೆ ಬಂದರೆ ಮೊದಲು ಎಫ್‌ಒವಿ, ಅಂದರೆ ಪರದೆಯಲ್ಲಿ ಎಷ್ಟು ಅಗಲದ ನೋಟ ಕಾಣಬೇಕು ಅನ್ನುವ ಕೋನ. ಡೂಮ್‌ನ 90 ಡಿಗ್ರಿ ಹಳೇ 4:3 ಪರದೆಯ ಲೆಕ್ಕ. ಇವತ್ತಿನ 16:9 ಪರದೆಯಲ್ಲಿ ಅದಕ್ಕೆ ಸಮ 106. ನೂರರ ಆಸುಪಾಸು ಇಡಿ. ಪಕ್ಕದ ಉಂಡೆ ಕಾಣಬೇಕಲ್ಲ! ಗೋಡೆ, ನೆಲದ ಚಿತ್ರಗಳನ್ನು ನಯಗೊಳಿಸುವ ಟೆಕ್ಸ್ಚರ್ ಫಿಲ್ಟರ್ ‘ನಿಯರೆಸ್ಟ್’ ಇರಲಿ, ಇಲ್ಲದಿದ್ದರೆ ಚಂದದ ಪಿಕ್ಸೆಲ್ ಚಿತ್ರ ಎಣ್ಣೆ ಸವರಿದಂತೆ ಕಲಸಿಹೋಗುತ್ತದೆ. ಪಿಕ್ಸೆಲ್ ಗಾತ್ರ ಹೆಚ್ಚಿಸುವ ಆಯ್ಕೆ ಇದ್ದರೆ ಅತಿ ಮಾಡಬೇಡಿ, ದೂರದ ಸೈನಿಕ ಎರಡು ಚುಕ್ಕೆ ಆಗಿಬಿಡುತ್ತಾನೆ. ಮೊದಲ ಪ್ಲೇಸ್ಟೇಷನ್ನಿನ ಹಾಗೆ ಗೋಡೆಗಳು ನಡುಗುವ ಪರಿಣಾಮವನ್ನು ಕೆಲವು ಆಟಗಳು ಕೊಡುತ್ತವೆ. ಆ ಯಂತ್ರಕ್ಕೆ ಪಿಕ್ಸೆಲ್‌ಗಿಂತ ಸಣ್ಣ ಅಳತೆಯ ಲೆಕ್ಕ ಬರುತ್ತಿರಲಿಲ್ಲ ಅನ್ನುವುದೇ ಅದರ ಮೂಲ. ನೋಡಲು ಮಜಾ, ಗುರಿ ಹಿಡಿಯಲು ಸಜಾ. 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡು, ಆಟದ ಫ್ರೇಮನ್ನು ಪರದೆಯ ತಾಳಕ್ಕೆ ಹೊಂದಿಸುವ ವಿ-ಸಿಂಕ್ ಹಾಕಿದರೆ ಒಂದೆರಡು ಫ್ರೇಮ್ ತಡ ಕೂಡುತ್ತದೆ, ಕೈ ಭಾರ ಅನಿಸುತ್ತದೆ. ಅದನ್ನು ತೆಗೆದು ಫ್ರೇಮ್ ಮಿತಿಯನ್ನು 60ಕ್ಕೆ ಕಟ್ಟಿ.

ಮಿತಿ ಕಟ್ಟುವುದಕ್ಕೆ ಇನ್ನೊಂದು ಕಾರಣ ನಮ್ಮ ಬಿಸಿಲು. ಏಪ್ರಿಲ್–ಮೇನಲ್ಲಿ ಬಳ್ಳಾರಿ, ರಾಯಚೂರು 40 ಡಿಗ್ರಿ ದಾಟುವುದು ಹೊಸದೇನಲ್ಲ. ಫ್ಯಾನ್ ಒಳಗೆ ಎಳೆಯುವುದು ಕೋಣೆಯ ಗಾಳಿಯನ್ನೇ. ಕೋಣೆ 25 ಇದ್ದಾಗ 80 ತೋರಿಸುವ ಚಿಪ್, ಕೋಣೆ 40 ಆದಾಗ ಅದೇ ಕೆಲಸಕ್ಕೆ 95ರ ಹತ್ತಿರ ಹೋಗುತ್ತದೆ, ಆಮೇಲೆ ತನ್ನ ರಕ್ಷಣೆಗೆ ವೇಗ ಇಳಿಸುತ್ತದೆ. "ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ತಡವರಿಸುತ್ತದೆ" ಅನ್ನುವ ದೂರಿನ ಮೂಲ ಹೆಚ್ಚಾಗಿ ಇದೇ. ಲ್ಯಾಪ್‌ಟಾಪಿನ ಹಿಂಭಾಗ ಎರಡು ಮೂರು ಸೆಂಟಿಮೀಟರ್ ಎತ್ತಿ ಇಡಿ, ಹಾಸಿಗೆ ಮೇಲೆ ಬೇಡವೇ ಬೇಡ. ಸಂಡೂರು ಕಡೆಯ ಅದಿರು ಲಾರಿಗಳ ದಾರಿಯಲ್ಲಿ ಮನೆಯಿದ್ದರೆ ಕೆಂಪು ಧೂಳು, ರಾಯಚೂರಿನ ಜಿನ್ನಿಂಗ್ ಮಿಲ್ಲುಗಳ ಹತ್ತಿರವಾದರೆ ಹತ್ತಿಯ ನಾರು. ಎರಡೂ ಸೇರಿ ಚಿಪ್ಪಿನ ಬಿಸಿ ಹೊರಹಾಕುವ ಹೀಟ್‌ಸಿಂಕ್ ಬಾಯಿಗೆ ಕಂಬಳಿ ಹೊದಿಸುತ್ತವೆ. ಮೂರು ತಿಂಗಳಿಗೊಮ್ಮೆ, ಪೂರ್ತಿ ಆಫ್ ಮಾಡಿ ಚಾರ್ಜರ್ ತೆಗೆದು, ಮೆತ್ತನೆ ಬ್ರಷ್ಷಿನಿಂದ ಸ್ವಚ್ಛ ಮಾಡಿ. ಗಾಳಿ ಊದುವುದಾದರೆ ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದಿರಿ; ಬಿಟ್ಟರೆ ಮಿತಿ ಮೀರಿ ತಿರುಗಿ ಬೇರಿಂಗ್ ಕೆಡುತ್ತದೆ.

ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಚಿತ್ರದ ಕೆಲಸಕ್ಕೂ ರ‍್ಯಾಮೇ ಗತಿ. 8 ಜಿಬಿಯ ಒಂದೇ ಕಡ್ಡಿ ಇದ್ದರೆ ಅಂಥದೇ ಇನ್ನೊಂದು ಹಾಕಿಸಿ, ಎರಡು ಚಾನೆಲ್ ಆಗಿ ದಾರಿ ಅಗಲವಾಗುತ್ತದೆ. ಸೆಲಾಕೊದಂಥ ಆಟಕ್ಕೆ ಮಾತ್ರ ಇದು ಸಾಲದು. ಜಿಝಡ್‌ಡೂಮ್ ತನ್ನ ಕೆಲಸದ ಬಹುಪಾಲನ್ನು ಪ್ರೊಸೆಸರಿನ ಒಂದೇ ಕೋರ್ ಮೇಲೆ ಹೇರುತ್ತದೆ, ಆ ಒಂದು ಕೋರ್ ಗಟ್ಟಿ ಇರಬೇಕು.

ದುಡ್ಡು ಹಾಕದೆ ಶುರು ಮಾಡುವವರಿಗೆ ಜಿಝಡ್‌ಡೂಮ್ ಎಂಜಿನ್ ಜೊತೆ ಅದರ ಮೇಲೆ ಆಡುವ ಫ್ರೀಡೂಮ್ ಎಂಬ ಆಟ ಇದೆ, ಎರಡೂ ಉಚಿತ. ಎರಡರ ಜಿಪ್ ಫೈಲನ್ನೂ ಬಿಡಿಸಿ, ಫ್ರೀಡೂಮಿನ ‘ವ್ಯಾಡ್’ ಫೈಲುಗಳನ್ನು (ಆಟದ ನಕ್ಷೆ, ಚಿತ್ರ, ಸದ್ದು ಇರುವುದು ಇವುಗಳಲ್ಲೇ) ಜಿಝಡ್‌ಡೂಮ್ ಇರುವ ಫೋಲ್ಡರಿಗೇ ಹಾಕಿ ತೆರೆಯಿರಿ. ಜಿಪ್ ಬಿಡಿಸದೆ ಒಳಗಿಂದಲೇ ಒತ್ತಿದರೆ ಆಟ ಸಿಗಲಿಲ್ಲ ಅನ್ನುತ್ತದೆ. ರಾಕ್ಷಸರ ರೂಪ ಬೇರೆ, ಆದರೆ ಮೇಲೆ ಹೇಳಿದ ಅಂಕಿಗಳೆಲ್ಲ ಅದೇ.

ಅದರಲ್ಲಿ ದಿನಕ್ಕೆ 15 ನಿಮಿಷದ ಒಂದು ಸಾಧನೆ. ಮೊದಲ ಐದು ನಿಮಿಷ ಒಂದು ಕಂಬ ಆರಿಸಿ, ಕ್ರಾಸ್‌ಹೇರ್ ಅದರಿಂದ ಕದಲದಂತೆ ಎಡಕ್ಕೆ ಹತ್ತು ಸುತ್ತು, ಬಲಕ್ಕೆ ಹತ್ತು ಸುತ್ತು. ಆಮೇಲೆ ಉಂಡೆ ಎಸೆಯುವ ಒಬ್ಬನೇ ರಾಕ್ಷಸನ ಮುಂದೆ, ಒಂದೂ ಗುಂಡು ಹಾರಿಸದೆ, ಎರಡು ನಿಮಿಷ ಬದುಕಿ. ಕಣ್ಣು ಅವನ ಮೇಲಲ್ಲ, ಉಂಡೆಯ ಮೇಲೆ. ಏಟು ತಿನ್ನದೆ ಎರಡು ನಿಮಿಷ ಕಳೆದ ದಿನ ಕೋವಿ ಎತ್ತಿ. ಹಿಂದಕ್ಕೆ ನಡೆಯುವ ಎಸ್ ಕೀಯನ್ನು ಆ ಹೊತ್ತು ಮುಟ್ಟಲೇಬೇಡಿ; ಕಾಣದ ಕಡೆ ನಡೆದು ಪೀಪಾಯಿಗೆ, ಮೂಲೆಗೆ ಸಿಕ್ಕಿಕೊಳ್ಳುವುದೇ ಆ ಕೀಯ ಫಲ.

ಪ್ರಶ್ನೆಗಳು

"ಆಡಿದರೆ ತಲೆ ಸುತ್ತುತ್ತದೆ, ಏನು ಮಾಡಲಿ?" ಹೆಡ್ ಬಾಬ್ (ನಡೆಯುವಾಗ ನೋಟ ಕುಲುಕುವುದು), ಮೋಷನ್ ಬ್ಲರ್ (ತಿರುಗುವಾಗ ಚಿತ್ರ ಮಸುಕಾಗುವುದು), ಪರದೆ ವಾಲುವ ಪರಿಣಾಮ, ಗೋಡೆ ನಡುಗುವುದು, ಎಲ್ಲ ತೆಗೆಯಿರಿ. ಎಫ್‌ಒವಿ ಏರಿಸಿ, ಕೋಣೆಯಲ್ಲಿ ದೀಪ ಹಾಕಿ, ಪರದೆಯಿಂದ ಒಂದು ತೋಳು ದೂರ ಕೂರಿ. ಹೊಟ್ಟೆ ತೊಳಸಿದ ಮೇಲೆ ಹಟ ಮಾಡಬೇಡಿ, ಆ ದಿನಕ್ಕೆ ಸಾಕು.

"ಸೇವ್ ಎಷ್ಟು ಸಲ ಮಾಡಬೇಕು?" ಡೂಮ್ ಕಾಲದಿಂದ ಎಫ್6 ಉಳಿಸಲು, ಎಫ್9 ಹಿಂದಿರುಗಲು. ಕರೆಂಟ್ ಹೋಗುವ ಊರಿನಲ್ಲಿ ಪ್ರತಿ ಕಾಳಗದ ನಂತರ ಒಂದು ಸೇವ್ ಹೆಚ್ಚಲ್ಲ. ಆದರೆ ಎರಡು ಜಾಗದಲ್ಲಿ ಅದಲು ಬದಲು ಮಾಡಿ. ಆರೋಗ್ಯ 5 ಇರುವಾಗ, ರಾಕೆಟ್ ಮುಖದ ಮುಂದೆ ಬರುತ್ತಿರುವಾಗ ಒಂದೇ ಜಾಗದಲ್ಲಿ ಉಳಿಸಿದರೆ ತೆರೆದಾಗಲೆಲ್ಲ ಸಾವು. ಪ್ರೋಡಿಯಸ್‌ನಲ್ಲಿ ಸತ್ತರೆ ಚೆಕ್‌ಪಾಯಿಂಟಿನಿಂದ ಎದ್ದು ಬರುತ್ತೀರಿ, ಕೊಂದವರು ಕೊಂದಂತೆಯೇ ಇರುತ್ತಾರೆ. ಹೊಸಬರಿಗೆ ಅದು ಒಳ್ಳೆಯ ಮೊದಲ ಮೆಟ್ಟಿಲು.

"ಎಲ್ಲರನ್ನೂ ಕೊಂದಾಯಿತು, ದಾರಿ ಸಿಗುತ್ತಿಲ್ಲ." ಟ್ಯಾಬ್ ಒತ್ತಿ ನಕ್ಷೆ ನೋಡಿ. ಬೀಗದ ಬಾಗಿಲಿನ ಚೌಕಟ್ಟು ಕೀಲಿಯ ಬಣ್ಣದಲ್ಲೇ ಇರುತ್ತದೆ: ನೀಲಿ, ಹಳದಿ, ಕೆಂಪು. ಕೀಲಿ ಸಿಕ್ಕ ಮೇಲೆ ಮುಂದೆ ಹೋಗದೆ ಹಿಂದೆ ಬನ್ನಿ, ಮೊದಲು ಬೀಗ ಕಂಡು ಬಿಟ್ಟು ಬಂದ ಬಾಗಿಲೇ ಈಗ ತೆರೆಯುತ್ತದೆ. ಅದೂ ಆಗದಿದ್ದರೆ ನಕ್ಷೆಯಲ್ಲಿ ಸುತ್ತಲೂ ಕೋಣೆಗಳಿದ್ದು ನಡುವೆ ಖಾಲಿ ಉಳಿದ ಜಾಗ ಹುಡುಕಿ. ಅದರ ಸುತ್ತಲಿನ ಗೋಡೆಯಲ್ಲಿ ಇಟ್ಟಿಗೆಯ ಸಾಲು ಒಂದು ಕಡೆ ತಪ್ಪಿದ್ದರೆ ಹತ್ತಿರ ಹೋಗಿ, ಬಾಗಿಲು ತೆರೆಯಲು ಒತ್ತುವ ಕೀಯನ್ನೇ ಒತ್ತಿ ನೋಡಿ.